ಹುಡುಕುವುದೂ ದುಡಿಮೆಯೇ

ಬೆಳಗಿನ ಪಾಳಿಯ ಹೊತ್ತಿನಲ್ಲಿ ಕಾತ್ರಜದ ನಾಲ್ಕು ರಸ್ತೆ ಕೂಡುವಲ್ಲಿ ನಿಂತು ನೋಡಿದವರಿಗೆ ಹೊಸದಾಗಿ ಹೇಳಬೇಕಾದುದೇನೂ ಇಲ್ಲ. ಪುಣೆಯ ಕಾರ್ಮಿಕನಿಗೆ ಮೋಟಾರ್ ಸೈಕಲ್ಲು ಶೋಕಿಯ ವಸ್ತುವಲ್ಲ. ಘಾಟು ದಾಟಿ ಶಿರವಳದ ಕಾರ್ಖಾನೆಗಳಿಗೆ ಹೋಗುವವನಿಗೂ, ಊರು ದಾಟಿ ಚಿಂಚವಡದ ಕಡೆಗೆ ಹೋಗುವವನಿಗೂ ಅದೇ ಕಾಲು, ಅದೇ ಹಾಜರಿ, ಅದೇ ಪಗಾರ. ಹೀಗಿದ್ದರೂ ಹಿಂದಿನ ಚಕ್ರದ ಬಳಿ ಎಣ್ಣೆ ಕಾಣಿಸಿದರೆ ಬಟ್ಟೆಯಿಂದ ಒರೆಸಿ ಮುಂದೆ ಹೋಗುವ ಅಭ್ಯಾಸ ನಮ್ಮಲ್ಲಿ ಬಹಳ. ಈ ಅಭ್ಯಾಸದ ವಿಷಯವಾಗಿಯೂ, ಅದರ ಹಿಂದಿರುವ ಒಂದು ತಪ್ಪು ಲೆಕ್ಕದ ವಿಷಯವಾಗಿಯೂ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಕಳೆದ ಮಳೆಗಾಲ ಆರಂಭವಾದ ವಾರದಲ್ಲಿ ನಮ್ಮ ನೆರೆಯ ಗೆಳೆಯನೊಬ್ಬ, ವಿಜಯಪುರದ ಕಡೆಯವನು, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹಳೆಯ ಘಾಟು ಇಳಿಯುತ್ತಿದ್ದಾಗ ತಿರುವಿನಲ್ಲಿ ಹಿಂದಿನ ಚಕ್ರ ಜಾರಿತು. ವೇಗ ಕಡಿಮೆಯಿದ್ದುದರಿಂದ ಇಬ್ಬರಿಗೂ ಮೈ ತರಚಿತೇ ಹೊರತು ಪ್ರಾಣಕ್ಕೆ ಅಪಾಯವಾಗಲಿಲ್ಲ. ಎದ್ದು ನೋಡಿದರೆ ಟೈರಿನ ಎಡಮಗ್ಗುಲೆಲ್ಲ ಎಣ್ಣೆ. ಅವನೇನು ಅಲಕ್ಷ್ಯ ಮಾಡಿದವನಲ್ಲ. ಮೊದಲ ಸಲ ರಿಪೇರಿಗೆ ಬಿಟ್ಟಾಗ ಹಿಂದಿನ ಶಾಕ್ ಅಬ್ಸಾರ್ಬರ್ ಬದಲಾಯಿಸಿದ್ದರು. ಎಣ್ಣೆ ನಿಲ್ಲಲಿಲ್ಲ. ಎರಡನೆಯ ಸಲ ಚೈನಿನ ಮುಂದಿನ ಹಲ್ಲುಚಕ್ರದ ಹಿಂದಿರುವ ಆಯಿಲ್ ಸೀಲನ್ನು ಹೊಸದು ಹಾಕಿದರು. ಒಂದು ತಿಂಗಳು ನಿಂತು ಮತ್ತೆ ಶುರುವಾಯಿತು.

“ಅಣ್ಣಾರ, ಎರಡು ಪಗಾರದಾಗಿನ ರೊಕ್ಕ ಇದಕ್ಕ ಸುರದೀನಿ. ಇನ್ನ ಮಾರೇ ಬಿಡ್ತೀನ್ರಿ,” ಎಂದ.

“ಮಾರೂದು ಇರ್ಲಿ ತಮ್ಮಾ. ಮೊದಲ ಎಲ್ಲಿಂದ ಬರ್ತದ ನೋಡೂಣು,” ಎಂದೆ.

ಆ ಭಾನುವಾರ ನಾವು ಮಾಡಿದ್ದು ಇಷ್ಟೇ. ಮೊದಲು ಎಣ್ಣೆಯ ಜಾತಿ ನೋಡಿದೆವು. ಚೈನಿಗೆ ಬಿಟ್ಟ ಎಣ್ಣೆಯಾದರೆ ಜಿಗುಟಾಗಿ, ಕರ್ರಗೆ, ರಿಮ್ಮಿನ ಮೇಲೆ ಚುಕ್ಕೆಚುಕ್ಕೆಯಾಗಿ ಸಿಡಿದಿರುತ್ತದೆ. ಶಾಕ್ ಅಬ್ಸಾರ್ಬರಿನದಾದರೆ ಅದರ ಉಕ್ಕಿನ ಕಡ್ಡಿಯೇ ಒದ್ದೆಯಾಗಿರುತ್ತದೆ. ಡಿಸ್ಕ್ ಬ್ರೇಕಿನ ಆಯಿಲಾದರೆ ಬಣ್ಣವನ್ನೇ ತಿನ್ನುತ್ತದೆ. ಮೈಸೂರಿನಲ್ಲಿ 1996ರವರೆಗೆ ತಯಾರಾಗುತ್ತಿದ್ದ ಜಾವಾ, ಯೆಜ್ದಿ ಗಾಡಿಗಳನ್ನು ಬಲ್ಲ ಹಿರಿಯರಿಗೆ ಇನ್ನೊಂದು ಬಗೆಯೂ ಗೊತ್ತು: ಪೆಟ್ರೋಲಿನಲ್ಲೇ ಎಣ್ಣೆ ಬೆರೆಸುವ ಆ ಎಂಜಿನ್ನುಗಳಲ್ಲಿ ಸುಡದೆ ಉಳಿದ ಎಣ್ಣೆ ಸೈಲೆನ್ಸರಿನ ತುದಿಯಿಂದ ಹಿಂಚಕ್ರದ ಬಳಿಯೇ ತೊಟ್ಟಿಕ್ಕುತ್ತಿತ್ತು. ಅದಕ್ಕೆ ಯಾವ ಸೀಲು ಬದಲಾಯಿಸಿದರೂ ಫಲವಿಲ್ಲ. ನಮ್ಮ ಗೆಳೆಯನ ಗಾಡಿಯದು ತೆಳ್ಳಗೆ, ಕಂದುಗಪ್ಪು, ಸುಟ್ಟ ವಾಸನೆ. ಎಂಜಿನ್ ಆಯಿಲೇ ಸರಿ.

ಎರಡನೆಯದಾಗಿ, ಎಣ್ಣೆ ಕಂಡ ಜಾಗದಲ್ಲೇ ಹುಟ್ಟುವುದಿಲ್ಲ ಎಂಬುದನ್ನು ನೆನಪಿಡಬೇಕು. ಭಾರಕ್ಕೆ ಕೆಳಗಿಳಿಯುತ್ತದೆ, ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ, ಚೈನು ಎತ್ತಿಕೊಂಡು ಚಕ್ರಕ್ಕೆ ಎಸೆಯುತ್ತದೆ. ಆದುದರಿಂದ ಎಂಜಿನ್ನಿಗೆ ಡೀಸೆಲ್ ಹಚ್ಚಿ ಬ್ರಷ್ಷಿನಿಂದ ತಿಕ್ಕಿ, ಸಾಬೂನು ನೀರಿನಿಂದ ತೊಳೆದು, ಪೂರ್ತಿ ಒಣಗಿಸಿದೆವು. ಅನುಮಾನದ ಜಾಗಗಳಿಗೆ ಮುಖಕ್ಕೆ ಹಚ್ಚುವ ಪೌಡರನ್ನೇ ಉದುರಿಸಿದೆವು. ಟೈರನ್ನು ಚೆನ್ನಾಗಿ ತೊಳೆದು, ಕೆರೆಯ ತನಕ ನಿಧಾನವಾಗಿ ಒಂದು ಸುತ್ತು ಹೋಗಿ ಬಂದು, ಗಾಡಿಯ ಅಡಿಗೆ ಹಳೆಯ ಪತ್ರಿಕೆ ಹಾಸಿ ಕುಳಿತೆವು. ಹಲ್ಲುಚಕ್ರದ ಹಿಂದಿನ ಪೌಡರ್ ಮಾತ್ರ ಒದ್ದೆಯಾಗಿತ್ತು. ಅಂದರೆ ಹೊಸ ಸೀಲೇ ಸೋರುತ್ತಿತ್ತು!

ಇಲ್ಲಿಗೇ ನಿಲ್ಲಿಸಿದ್ದರೆ ಮೂರನೆಯ ಸೀಲು ಬೀಳುತ್ತಿತ್ತು, ಅದೂ ಸೋರುತ್ತಿತ್ತು. ಹೊಸದು ಏಕೆ ಕೆಟ್ಟಿತೆಂದು ಕೇಳಿಕೊಂಡೆವು. ಎಂಜಿನ್ ಓಡುವಾಗ ಅದರ ಹೊಟ್ಟೆಯೊಳಗೆ ಗಾಳಿ, ಹೊಗೆ ಸೇರಿ ಒತ್ತಡವೇಳುತ್ತದೆ. ಆ ಒತ್ತಡ ಹೊರಗೆ ಹೋಗಲು ಬ್ರೀದರ್ ಪೈಪು ಇರುತ್ತದೆ. ಅದರ ಜಾಡು ಹಿಡಿದು ಹೋದರೆ ಬ್ಯಾಟರಿಯ ಪೆಟ್ಟಿಗೆಯ ಹಿಂದೆ ಪೈಪು ಮಡಿಚಿ ಅದುಮಿಕೊಂಡಿತ್ತು. ಬಾಯಿ ಮುಚ್ಚಿದ ಒತ್ತಡ ದುರ್ಬಲವಾದ ಕಡೆಯಿಂದ ಎಣ್ಣೆಯನ್ನು ನೂಕಿತ್ತು. ಪೈಪು ಸರಿಪಡಿಸಿ, ಸೀಲು ಹಾಕಿಸಿದ ಮೇಲೆ ಇಡೀ ಮಳೆಗಾಲ ಒಂದು ತೊಟ್ಟು ಬೀಳಲಿಲ್ಲ.

ನಮ್ಮ ಕಾತ್ರಜಕ್ಕೆ ಇದು ಹೊಸ ಪಾಠವಲ್ಲ. ಹದಿನೆಂಟನೆಯ ಶತಮಾನದಲ್ಲಿ ನಾನಾಸಾಹೇಬ ಪೇಶ್ವೆಯ ಕಾಲದಲ್ಲಿ ಇಲ್ಲಿಯ ಕೆರೆಯಿಂದ ಶನಿವಾರವಾಡೆಗೆ ನೆಲದಡಿಯ ಕಾಲುವೆಯಲ್ಲಿ ನೀರು ಒಯ್ದರು. ಆ ದಾರಿಯಲ್ಲಿ ಗಾಳಿಯಾಡಲು ಅಲ್ಲಲ್ಲಿ ಬಾಯಿಗಳನ್ನು ಬಿಟ್ಟರು. ಮರಾಠಿಯಲ್ಲಿ ಅವಕ್ಕೆ ಉಚ್ಛ್ವಾಸವೆಂದೇ ಹೆಸರು.

ಇನ್ನು ತಪ್ಪು ಲೆಕ್ಕದ ಮಾತು. ಕತೆ ಕೇಳಿದ ಕೆಲವರು, “ಆ ಮೆಕ್ಯಾನಿಕ್ ಮೋಸಗಾರ,” ಎಂದರು. ನಾನು ಒಪ್ಪುವುದಿಲ್ಲ. ಅವನೂ ನಮ್ಮಂತೆ ದಿನಕ್ಕೆ ಇಷ್ಟು ಗಾಡಿ ಎಂದು ಮುಗಿಸಬೇಕಾದ ದುಡಿಮೆಗಾರ. ಅವನ ಬಿಲ್ಲಿನಲ್ಲಿ ಸಾಮಾನಿಗೆ ಬೆಲೆಯಿದೆ, ಜೋಡಿಸುವುದಕ್ಕೆ ಕೂಲಿಯಿದೆ. ಹುಡುಕುವುದಕ್ಕೆ ಒಂದು ಸಾಲೂ ಇಲ್ಲ. ಅರ್ಧ ದಿನ ಹುಡುಕಿ, ಪೈಪು ನೆಟ್ಟಗೆ ಮಾಡಿ ಕೂಲಿ ಕೇಳಿದರೆ, “ಬರೀ ನೋಡಿದ್ದಕ್ಕೂ ದುಡ್ಡೇ?” ಎಂದು ಜಗಳ ತೆಗೆಯುವವರು ನಾವೇ. ಹಾಗಾದ ಮೇಲೆ ಅವನು ಊಹಿಸಿ ಸಾಮಾನು ಬದಲಾಯಿಸದೆ ಮತ್ತೇನು ಮಾಡಿಯಾನು?

ನಮ್ಮ ಕಾರ್ಖಾನೆಗಳಲ್ಲಿ ನಮಗೂ ಇದೇ ಆಗುವುದಿಲ್ಲವೇ? ತಯಾರಾದ ಮಾಲಿನಲ್ಲಿ ದೋಷ ಕಂಡರೆ ಕಟ್ಟಕಡೆಗೆ ಕೈ ಹಾಕಿದವನಿಗೆ ನೋಟೀಸು. ದೋಷ ಎಲ್ಲಿ ಹುಟ್ಟಿತೆಂದು ಹಿಂದಕ್ಕೆ ಹೋಗಿ ನೋಡಲು ಯಂತ್ರ ನಿಲ್ಲಿಸಿದರೆ ಆ ಹೊತ್ತು ಖಾಲಿ ಕುಳಿತ ಹೊತ್ತೆಂದು ಲೆಕ್ಕ. ಇದನ್ನು ಅನ್ಯಾಯವೆನ್ನುವ ನಾವು ಮೆಕ್ಯಾನಿಕನ ವಿಷಯದಲ್ಲಿ ಅದೇ ಅನ್ಯಾಯವನ್ನು ಮಾಡಬಾರದು.

ಬಡವನಿಗೆ ಇದು ಹೆಚ್ಚಿನ ಖರ್ಚಲ್ಲವೇ ಎಂದು ಕೇಳಬಹುದು. ನಮ್ಮ ಗೆಳೆಯನ ಶಾಕ್ ಅಬ್ಸಾರ್ಬರಿನ ಬಿಲ್ಲೇ ಇದಕ್ಕೆ ಉತ್ತರ. ಹುಡುಕಿದ್ದಕ್ಕೆ ಕೂಲಿ ಕೊಡೋಣ. ಬದಲಾಯಿಸಿದ ಹಳೆಯ ಸಾಮಾನನ್ನು ಕೇಳಿ ನೋಡೋಣ. ಏಕೆ ಕೆಟ್ಟಿತೆಂದು ತಿಳಿಯೋಣ. ಟೈರಿಗೆ ಎಣ್ಣೆ ತಗುಲಿದ್ದರೆ ಸಾಬೂನು ನೀರಿನಿಂದ ತೊಳೆಯದೆ ಗಾಡಿ ಹತ್ತಬಾರದು. ಎಣ್ಣೆ ಕುಡಿದ ಬ್ರೇಕ್ ಶೂಗಳನ್ನು ಬದಲಾಯಿಸಲೇಬೇಕು, ಅಲ್ಲಿ ಉಳಿತಾಯ ಸಲ್ಲದು.

ನಮ್ಮ ಸಂಘದಲ್ಲಿ ಫಿಟ್ಟರುಗಳಿದ್ದಾರೆ, ಟರ್ನರುಗಳಿದ್ದಾರೆ, ಎಂಜಿನ್ ಬಿಚ್ಚಿ ಕಟ್ಟಬಲ್ಲವರೂ ಇದ್ದಾರೆ. ತಿಂಗಳಿಗೊಂದು ಭಾನುವಾರದ ಬೆಳಿಗ್ಗೆ ಸೇರಿ, ಸದಸ್ಯರ ಗಾಡಿಗಳ ಸೋರಿಕೆಯ ಮೂಲವನ್ನಾದರೂ ಗುರುತಿಸಿ ಕೊಡುವ ಏರ್ಪಾಟು ಮಾಡಬಹುದು. ಒಂದು ಪೌಡರ್ ಡಬ್ಬಿ, ಒಂದು ಬ್ರಷ್ಷು, ಒಂದಿಷ್ಟು ಹಳೆಯ ಪತ್ರಿಕೆ ಸಾಕು. ಮುಂದಿನ ಮಳೆ ಘಾಟಿಗೆ ಇಳಿಯುವ ಮೊದಲೇ ಇದು ಆರಂಭವಾಗಲೆಂದು ಕಾರ್ಯಕಾರಿ ಸಮಿತಿಯವರಲ್ಲಿ ನನ್ನ ವಿನಂತಿ.