ಕಾಲೇಜಿನ ಫೀಸು ಕೇಳೋಕೆ ಮೊದಲು ಗುರುಗಳ ಸಮಯ ಕೇಳಿ

ಸರಣಿ: ಪಿಯುಸಿ ಆಯ್ತು, ಮುಂದೇನು? | ಭಾಗ 4: ಸಂಗೀತ

1/4
"ನಾನು ಸಂಗೀತ ಓದ್ತೀನಿ" ಅಂದವರಿಗೆ ಮನೆಯಲ್ಲಿ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತೆ. ಒಂದು: "ಬಿ.ಕಾಂ. ಮಾಡು, ಸಂಗೀತ ಜೊತೆಗಿರಲಿ." ಇನ್ನೊಂದು: "ಮಾಡೋದಾದ್ರೆ ದೊಡ್ಡ ಕಾಲೇಜಲ್ಲೇ ಮಾಡು, ಸಾಲ ತೆಗೆಯೋಣ." ಮೊದಲನೇ ಮಾತಿಗೆ ನಾವೆಲ್ಲ ಜಗಳ ಆಡ್ತೀವಿ. ನನಗೆ ಹೆಚ್ಚು ಭಯ ಎರಡನೇದರದ್ದು. ಅದು ಪ್ರೀತಿಯಿಂದ ಬಂದ ಮಾತು, ಅದಕ್ಕೇ ಯಾರೂ ಲೆಕ್ಕ ಹಾಕಲ್ಲ.

ಹಾಕೋಣ ಬನ್ನಿ. ಆಸ್ತಿ ಅಡವಿಡದೆ ಬ್ಯಾಂಕಲ್ಲಿ 7.5 ಲಕ್ಷದವರೆಗೆ ಶಿಕ್ಷಣ ಸಾಲ ಸಿಗುತ್ತೆ. ಬಡ್ಡಿ ಶೇ 10, ಅವಧಿ 10 ವರ್ಷ ಅಂದ್ಕೊಂಡ್ರೆ ತಿಂಗಳ ಕಂತು ಸುಮಾರು 9,900 ರೂಪಾಯಿ. ಓದುವಾಗ ಬೆಳೆಯೋ ಬಡ್ಡಿ ಬೇರೆ. ಈಗ ನೀವು ಮನೆಪಾಠ ಶುರು ಮಾಡಿದ್ರಿ, ಒಂದು ಮಗುವಿಗೆ ತಿಂಗಳಿಗೆ 700 ರೂಪಾಯಿ ಅಂತಿಟ್ಕೊಳ್ಳಿ. ಕಂತು ಕಟ್ಟೋಕೇ 15 ಮಕ್ಕಳು ಬೇಕು! ಅವರಿಗೆಲ್ಲ ಸರಿಗಮ ಹೇಳಿಕೊಟ್ಟು ಏಳೋ ಹೊತ್ತಿಗೆ ನಿಮ್ಮ ಸಾಧನೆಗೆ ಗಂಟಲು ಉಳಿದಿರುತ್ತಾ? ಸಾಲ ತೀರಿಸೋಕೆ ಹಾಡೋದನ್ನೇ ಬಿಡಬೇಕಾದ್ರೆ ಆ ಸಾಲ ಮಾಡಿದ್ದು ಯಾತಕ್ಕೆ?

2/4
ನನ್ನ ಅಭಿಪ್ರಾಯ ಇಷ್ಟೇ. ಸಂಗೀತದ ಕಾಲೇಜಲ್ಲಿ ನಾವು ದುಡ್ಡು ಕೊಟ್ಟು ಪಡೆಯೋದು ಕಟ್ಟಡ ಅಲ್ಲ, ಆಡಿಟೋರಿಯಂ ಅಲ್ಲ. ಗುರುಗಳ ಸಮಯ. ರಾಗದ ಲಕ್ಷಣವನ್ನು ಮೂವತ್ತು ಜನಕ್ಕೆ ಒಟ್ಟಿಗೆ ಹೇಳಬಹುದು. ನಿಮ್ಮ ಉಸಿರು ಎಲ್ಲಿ ತುಂಡಾಗ್ತಿದೆ, ಬೆರಳು ಎಲ್ಲಿ ತಪ್ಪಾಗಿ ಕೂತಿದೆ ಅನ್ನೋದನ್ನ ಎದುರಿಗೆ ಕೂರಿಸಿಕೊಂಡೇ ತಿದ್ದಬೇಕು.

ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತರು. ಭೀಮಸೇನ ಜೋಶಿಯವರೂ ಅದೇ ಗುರುಗಳ ಶಿಷ್ಯರು. ಅವರು ಊರು ಬಿಟ್ಟು ಊರಿಗೆ ಹೋಗಿದ್ದು ಗುರುಗಳಿಗಾಗಿ.

ಹಾಗಂತ "ಅವರೇನು ಡಿಗ್ರಿ ಮಾಡಿದ್ರಾ?" ಅನ್ನೋ ಮಾತನ್ನೂ ನಾನು ಒಪ್ಪಲ್ಲ. ಕಾಲ ಬದಲಾಗಿದೆ. ಕಾಲೇಜಲ್ಲಿ ಪಾಠ ಮಾಡ್ಬೇಕಂದ್ರೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ, ಅದರ ಮೇಲೆ ನೆಟ್ ಅಥವಾ ಕೆ-ಸೆಟ್ ಬೇಕು. ನೆಟ್‌ನಲ್ಲಿ ಸಂಗೀತವೂ ಒಂದು ವಿಷಯ, ಜೆಆರ್‌ಎಫ್ ಸಿಕ್ಕರೆ ಸಂಶೋಧನೆ ಮಾಡುವಾಗ ತಿಂಗಳಿಗೆ 37,000 ರೂಪಾಯಿ. ಆದರೆ ಆಕಾಶವಾಣಿ ಆಡಿಷನ್‌ನಲ್ಲಿ ಡಿಗ್ರಿ ಕೇಳಲ್ಲ, ಹಾಡು ಕೇಳ್ತಾರೆ. ಕಾಗದವೂ ಬೇಕು, ಕಲಿಕೆಯೂ ಬೇಕು. ಕಾಗದ ಕಡಿಮೆ ಖರ್ಚಲ್ಲಿ ಸಿಗುತ್ತೆ. ಉಳಿದ ದುಡ್ಡನ್ನು ಕಲಿಕೆಗೆ ಹಾಕಿ.

3/4
ಎಲ್ಲಿ ಸಿಗುತ್ತೆ? ಮೈಸೂರಲ್ಲಿ ಗಂಗೂಬಾಯಿಯವರ ಹೆಸರಿನದೇ ಸಂಗೀತ ಮತ್ತು ಪ್ರದರ್ಶಕ ಕಲೆಗಳ ರಾಜ್ಯ ವಿಶ್ವವಿದ್ಯಾಲಯ ಇದೆ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ಕಾಲೇಜಿದೆ, ಮಲ್ಲಿಕಾರ್ಜುನ ಮನ್ಸೂರರು ಸೇವೆ ಸಲ್ಲಿಸಿದ ವಿಶ್ವವಿದ್ಯಾಲಯ ಅದು. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳ ಕಾಲದಿಂದಲೂ ಊಟ, ವಸತಿ, ಪಾಠ ಎಲ್ಲ ಉಚಿತ. ಅಂಧ ಮಕ್ಕಳು ಅಲ್ಲಿ ಕಲಿತು ಕಲಾವಿದರಾಗಿದ್ದಾರೆ. ಹಾಡೋದಕ್ಕಿಂತ ರೆಕಾರ್ಡಿಂಗ್ ಇಷ್ಟ ಅನ್ನೋರು ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯ ಸೌಂಡ್ ರೆಕಾರ್ಡಿಂಗ್ ಡಿಪ್ಲೊಮಾ ನೋಡಿ.

ದುಡ್ಡಿನ ದಾರಿಗಳು (ಇದನ್ನ ಸೇವ್ ಮಾಡ್ಕೊಳ್ಳಿ):
👉 ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ. ವಯಸ್ಸು 18ರಿಂದ 25, ತಿಂಗಳಿಗೆ 5,000 ರೂಪಾಯಿ, 2 ವರ್ಷ. ಗುರುಗಳ ಹತ್ತಿರ ಕನಿಷ್ಠ 5 ವರ್ಷ ಕಲಿತಿರಬೇಕು. ಹಣ ಬರೋದು ಆರು ತಿಂಗಳ ಕಂತಲ್ಲಿ, ಹಾಗಾಗಿ ಇದನ್ನೇ ನಂಬ್ಕೊಂಡು ರೂಮ್ ಬಾಡಿಗೆ ಒಪ್ಕೋಬೇಡಿ.
👉 ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್. ಇಂಜಿನಿಯರಿಂಗ್‌ನವರಿಗೆ ಮಾತ್ರ ಅಂದ್ಕೋಬೇಡಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿಯೂ ಇದೆ.
👉 ಹುಡುಗಿಯರಿಗೆ ಶಕ್ತಿ ಯೋಜನೆ. ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸು 2023ರ ಜೂನ್‌ನಿಂದ ಉಚಿತ. ಪಕ್ಕದ ಊರಿನ ಗುರುಗಳ ಹತ್ತಿರ ವಾರಕ್ಕೆರಡು ಸಲ ಹೋಗಿಬರೋಕೆ ಟಿಕೆಟ್ ದುಡ್ಡು ಇನ್ನು ನೆಪ ಆಗಲ್ಲ.

4/4
"ಸರ್ಕಾರಿ ಕಾಲೇಜಲ್ಲಿ ಮೇಷ್ಟ್ರೇ ಇರಲ್ಲ ಕಣೋ" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಕೆಲವು ಕಡೆ ನಿಜವೇ. ಅದಕ್ಕೇ ಸರ್ಕಾರಿಯಾಗಲಿ ಖಾಸಗಿಯಾಗಲಿ, ಅರ್ಜಿ ಹಾಕೋಕೆ ಮೊದಲು ಒಂದು ದಿನ ಹೋಗಿ ತರಗತಿಯಲ್ಲಿ ಕೂತು ಬನ್ನಿ. ಕೊನೇ ವರ್ಷದ ಸೀನಿಯರ್‌ಗಳನ್ನ ಕ್ಯಾಂಟೀನಲ್ಲಿ ಹಿಡಿದು ಕೇಳಿ:

• ನನ್ನ ವಾದ್ಯಕ್ಕೆ ಪೂರ್ಣಾವಧಿ ಅಧ್ಯಾಪಕರು ಇದ್ದಾರಾ, ಅತಿಥಿ ಉಪನ್ಯಾಸಕರಾ?
• ವಾರಕ್ಕೆ ಎಷ್ಟು ಹೊತ್ತು ಒಬ್ಬೊಬ್ಬರನ್ನೇ ಕೂರಿಸಿ ಹೇಳಿಕೊಡ್ತಾರೆ?
• ಸಂಜೆ ಅಭ್ಯಾಸಕ್ಕೆ ಕೋಣೆ ತೆರೆದಿರುತ್ತಾ?
• ಹೋದ ವರ್ಷ ಪಾಸಾದವರು ಈಗ ಏನು ಮಾಡ್ತಿದ್ದಾರೆ?

ಲಕ್ಷಗಟ್ಟಲೆ ಫೀಸಿನ ಕಾಲೇಜು ಈ ನಾಲ್ಕಕ್ಕೂ ಒಳ್ಳೇ ಉತ್ತರ ಕೊಟ್ಟರೆ, ಮನೆಯಲ್ಲೂ ಶಕ್ತಿ ಇದ್ದರೆ, ಖಂಡಿತ ಹೋಗಿ. ಸ್ಟುಡಿಯೋ, ಪಿಯಾನೋ ಬೇಕಾದ ಕೋರ್ಸುಗಳಿಗೆ ಖರ್ಚು ಇದ್ದೇ ಇರುತ್ತೆ. ಉತ್ತರದ ಬದಲು ಬ್ರೋಷರ್ ಕೈಗಿಟ್ಟರೆ ಎದ್ದು ಬನ್ನಿ.

ಸಾಲಕ್ಕೆ ಸಹಿ ಹಾಕೋದು ಅಪ್ಪ, ತೀರಿಸೋದು ನೀವು. ಆ ಕಂತನ್ನ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಎದುರುಬದುರು ಕೂತು ನೋಡಿ. ಸಂಗೀತ ಬೇಡ ಅನ್ನೋಕಲ್ಲ, ಮೂವತ್ತನೇ ವಯಸ್ಸಲ್ಲೂ ನೀವು ಹಾಡ್ತಾ ಇರ್ಬೇಕು ಅಂತ.

ನಿಮ್ಮೂರು ಯಾವುದು, ಯಾವ ವಾದ್ಯ, ಕಾಮೆಂಟಲ್ಲಿ ಹಾಕಿ. ಅಲ್ಲೇ ಓದ್ತಿರೋ ಸೀನಿಯರ್‌ಗಳು ಉತ್ತರ ಕೊಡಿ, ಪ್ಲೀಸ್. 🎶

#ಪಿಯುಸಿಆಯ್ತುಮುಂದೇನು #ಸಂಗೀತ #ಕನ್ನಡ