ನೈಟ್ ಡ್ಯೂಟಿ ಮಾತು – 7: ಹೊಲ ಉಳೀಬೇಕು, ಲುಕ್ಸಾನು ಮಾತ್ರ ರೈತನಿಗಾ?

ನಮ್ಮ ಕನ್ನಡ ಬಳಗದ ವಾಟ್ಸಾಪ್‌ನಲ್ಲಿ ಮತ್ತೊಂದು ಅರ್ಜಿ ಓಡಾಡ್ತಿದೆ. ಮೆಟ್ರೋ ಸ್ಟೇಷನ್ ಹತ್ತಿರ ಅಪಾರ್ಟ್‌ಮೆಂಟ್ ಬರೋದು ಬೇಡ, ಎಲ್ಲರೂ ಸಹಿ ಹಾಕಿ ಅಂತ. ಟ್ರಾಫಿಕ್ ಜಾಸ್ತಿ ಆಗುತ್ತಂತೆ, ಸ್ಕೂಲು ತುಂಬಿಹೋಗುತ್ತಂತೆ, ಏರಿಯಾದ ಕಳೆ ಕೆಡುತ್ತಂತೆ. ನಾನು ಸಹಿ ಹಾಕಲ್ಲ. ಯಾಕೆ ಅಂತ ಇಲ್ಲೇ ಹೇಳಿಬಿಡ್ತೀನಿ.

ಮೇರಿಲ್ಯಾಂಡ್‌ನ ನಮ್ಮ ಮಾಂಟ್‌ಗೊಮೆರಿ ಕೌಂಟಿ 1980ರಲ್ಲಿ ಸುಮಾರು 93,000 ಎಕರೆಯನ್ನ ಕೃಷಿಗೆ ಮೀಸಲಿಟ್ಟಿತು. ಕೌಂಟಿಯ ಹತ್ತಿರ ಹತ್ತಿರ ಮೂರನೇ ಒಂದು ಭಾಗ, ವಾಷಿಂಗ್ಟನ್ ಪಕ್ಕದಲ್ಲೇ. ಅಕ್ಟೋಬರ್ ಬಂತಂದ್ರೆ ಮಕ್ಕಳನ್ನ ಪೂಲ್ಸ್‌ವಿಲ್ ಕಡೆ ಕರ್ಕೊಂಡು ಹೋಗಿ ಕುಂಬಳಕಾಯಿ ಜೊತೆ ಫೋಟೋ ಹಾಕ್ತೀವಲ್ಲ, ಆ ಕಡೆಯೆಲ್ಲ ಇನ್ನೂ ಹೊಲ ಉಳಿದಿರೋದು ಈ ಕಾನೂನಿನಿಂದ. ಒಳ್ಳೇ ಕೆಲಸ, ಎರಡು ಮಾತಿಲ್ಲ.

ಈಗ ಹೊಲದ ಯಜಮಾನನ ಲೆಕ್ಕ ನೋಡಿ. ಮೊದಲು 5 ಎಕರೆಗೆ ಒಂದು ಮನೆ ಕಟ್ಟಬಹುದಿತ್ತು, ಆಮೇಲೆ 25 ಎಕರೆಗೆ ಒಂದು. ಅಂದ್ರೆ 100 ಎಕರೆ ಇದ್ದವನಿಗೆ 20 ಮನೆಯ ಜಾಗದಲ್ಲಿ 4. ಅವನು ಮಾಡಿದ ತಪ್ಪೇನು? ನಮ್ಮೂರಲ್ಲಾಗಿದ್ರೆ ತಾಲ್ಲೂಕು ಆಫೀಸ್ ಮುಂದೆ ಧರಣಿ ಕೂರ್ತಿದ್ರು. ಇಲ್ಲಿ ಕೌಂಟಿ ಅವನನ್ನ ಬರಿಗೈಲಿ ಕಳಿಸಲಿಲ್ಲ. 5 ಎಕರೆಗೆ ಒಂದರ ಲೆಕ್ಕದಲ್ಲಿ ಅಭಿವೃದ್ಧಿ ಹಕ್ಕು ಕೊಟ್ಟಿತು. ಹೊಲದಲ್ಲಿ ಕಟ್ಟದೇ ಬಿಟ್ಟ ಮನೆಯ ಹಕ್ಕನ್ನ ಅವನು ಬಿಲ್ಡರ್‌ಗೆ ಮಾರಬಹುದು, ಬಿಲ್ಡರ್ ಅದನ್ನ ಊರೊಳಗೆ ಗೊತ್ತುಮಾಡಿದ ಜಾಗಗಳಲ್ಲಿ ಬಳಸಿ ಹೆಚ್ಚು ಮನೆ ಕಟ್ಟಬಹುದು. ಬೆಂಗಳೂರಲ್ಲಿ ರಸ್ತೆ ಅಗಲ ಮಾಡೋಕೆ ಜಾಗ ಬಿಟ್ಟವರಿಗೆ ಟಿಡಿಆರ್ ಅಂತ ಕೊಡ್ತಾರಲ್ಲ, ಅದೇ. (ಅಲ್ಲಿ ಆ ಕಾಗದ ಬೇಡ, ದುಡ್ಡು ಕೊಡಿ ಅಂದವರು ಎಷ್ಟೋ ಜನ. ಯಾಕೆ ಅಂತ ಈಗ ಗೊತ್ತಾಗುತ್ತೆ.)

ಆ ಹಕ್ಕಿಗೆ ಬೆಲೆ ಬರೋದು ಅದನ್ನ ಬಳಸೋಕೆ ಊರೊಳಗೆ ಜಾಗ ಇದ್ರೆ ಮಾತ್ರ. ಅಲ್ಲಿ ಅಪಾರ್ಟ್‌ಮೆಂಟ್ ಬೇಡ, ಇಲ್ಲಿ ಟೌನ್‌ಹೌಸ್ ಬೇಡ ಅಂತ ಒಂದೊಂದಕ್ಕೂ ಅಡ್ಡ ಕೂತ್ರೆ ಬಿಲ್ಡರ್ ಆ ಹಕ್ಕು ಯಾಕೆ ಕೊಳ್ತಾನೆ? ರೈತನ ಕೈಲಿ ಉಳಿಯೋದು ಖಾಲಿ ಕಾಗದ. ಹೊಲ ಉಳಿದಿದ್ದರಿಂದ ನಮ್ಮ ಮನೆಗಳ ಬೆಲೆ ಏರಿತು, ಅವನಿಗೆ ಸೇರಬೇಕಾದ ಪರಿಹಾರಕ್ಕೂ ನಾವೇ ಕಲ್ಲು ಹಾಕ್ತಿದ್ದೀವಿ. ಇದಕ್ಕೆ ಪರಿಸರ ಪ್ರೇಮ ಅಂತ ಹೆಸರು!

ಇನ್ನು ಟ್ರಾಫಿಕ್. ನಮ್ಮ ಯೂನಿಟ್‌ನಲ್ಲಿ ಕೆಲಸ ಮಾಡೋ ನರ್ಸಿಂಗ್ ಅಸಿಸ್ಟೆಂಟ್ ಒಬ್ಬರು ಫ್ರೆಡರಿಕ್‌ನಿಂದಾಚೆ ಇರ್ತಾರೆ, ಇಲ್ಲಿನ ಬಾಡಿಗೆ ಕಟ್ಟೋಕಾಗದೆ. 12 ಗಂಟೆ ರಾತ್ರಿ ಪಾಳಿ ಮುಗಿಸಿ, ನಿದ್ದೆ ಬರದಿರಲಿ ಅಂತ ಕಿಟಕಿ ತೆಗೆದುಕೊಂಡು ಐ-270ರಲ್ಲಿ ಹೋಗ್ತಾರೆ. ಅದು ಯಾರ ಟ್ರಾಫಿಕ್ಕು?

ಬಿಲ್ಡರ್‌ಗಳೆಲ್ಲ ಕಳ್ಳರು ಅಂತೀರಿ. ಇಲ್ಲಿ ದೊಡ್ಡ ಪ್ರಾಜೆಕ್ಟ್ ಕಟ್ಟೋರು ಕಡಿಮೆ ಆದಾಯದವರ ಕೈಗೆಟುಕೋ ದರದಲ್ಲಿ ಒಂದು ಪಾಲು ಮನೆ ಕೊಡಲೇಬೇಕು ಅನ್ನೋ ಕಾನೂನು 1974ರಿಂದ ಇದೆ. ಪಾಲು ಹೆಚ್ಚು ಕೊಟ್ರೆ ಹೆಚ್ಚು ಮನೆ ಕಟ್ಟೋಕೆ ಅವಕಾಶವೂ ಉಂಟು. ಅವರು ಲಾಭ ಮಾಡ್ತಾರೆ, ಮಾಡಲಿ. ನಿಯಮ ನೋಡಿ ಜಾಗ ಕೊಂಡ ಮೇಲೆ ಅರ್ಜಿ ಹಿಡಿದು ನಿಯಮವನ್ನೇ ಬದಲಾಯಿಸಿ ಅನ್ನೋದು ಯಾವ ನ್ಯಾಯ?

ಅಪಾರ್ಟ್‌ಮೆಂಟ್ ಬೇಡವೇ ಬೇಡ ಅನ್ನೋರಿಗೆ ಇನ್ನೊಂದು ದಾರಿ ಇದೆ. ರೈತರ ಕೈಲಿ ಮಾರದೆ ಉಳಿದಿರೋ ಹಕ್ಕುಗಳನ್ನ ಕೌಂಟಿಯೇ ಕೊಳ್ಳಲಿ, ಅದಕ್ಕೆ ನಮ್ಮ ಪ್ರಾಪರ್ಟಿ ಟ್ಯಾಕ್ಸ್ ಏರಿಸಿ ಅಂತ ಬರೀರಿ. ಆ ಅರ್ಜಿ ಕಳಿಸಿ, ಮೊದಲ ಸಹಿ ನಂದೇ.