ದೊಂಬಿಯೆಂಬ ಮಾತು

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಪಂಚ ಮಹಾರಥಗಳ ಹಗ್ಗ ಹಿಡಿದು ಸಾವಿರಾರು ಜನರು ಕೂಗುತ್ತ ನುಗ್ಗುವರು. ತಿರುಮಕೂಡಲು ನರಸೀಪುರದ ಸಂಗಮದಲ್ಲಿ 1989ರಿಂದ ನಡೆದು ಬಂದಿರುವ ಕುಂಭಮೇಳದಲ್ಲಿಯೂ ಕಾಲಿಡಲು ಎಡೆಯಿರದು. ಇದನ್ನು ಯಾರೂ ದೊಂಬಿ ಎನ್ನರು. ಅದೇ ಜನರು ಮನವಿಪತ್ರ ಹಿಡಿದು ತಾಲ್ಲೂಕು ಕಚೇರಿಯ ಮುಂದೆ ನಿಂತರೆ ಮಾತ್ರ ಆ ಶಬ್ದವು ಮರುದಿನದ ವರದಿಯಲ್ಲಿ ಎಷ್ಟು ಸುಲಭವಾಗಿ ನುಸುಳುವುದು!

ಇಂಗ್ಲಿಷಿನ 'ರಯಟ್' ಎಂಬ ಪದಕ್ಕೆ ಹಿಂದೆ ದುಂದುಗಾರಿಕೆ, ಲಂಪಟತನ ಎಂಬ ಅರ್ಥವಿತ್ತು. 1611ರ ಇಂಗ್ಲಿಷ್ ಬೈಬಲಿನಲ್ಲಿ ತಂದೆಯ ಆಸ್ತಿಯನ್ನು ಹಾಳುಮಾಡಿದ ಮಗನ ಬಾಳಿಗೆ ಇದೇ ವಿಶೇಷಣವಿದೆ. ಹೂದೋಟದ ಬಣ್ಣಗಳ ಸಮೃದ್ಧಿಗೂ ಆಂಗ್ಲರು ಇದನ್ನೇ ಬಳಸುವರು. ನ್ಯಾಯಾಲಯದಲ್ಲಿ ಈ ವಿನೋದವಿಲ್ಲ. 1860ರ ದಂಡಸಂಹಿತೆಯ 146ನೆಯ ಕಲಮಿನಂತೆ, ಐವರು ಅಥವಾ ಹೆಚ್ಚು ಮಂದಿಯ ಅಕ್ರಮಕೂಟದಲ್ಲಿ ಒಬ್ಬನು ಕೂಟದ ಉದ್ದೇಶಕ್ಕಾಗಿ ಬಲಪ್ರಯೋಗ ಮಾಡಿದರೂ ಎಲ್ಲರೂ ದೊಂಬಿಯ ಅಪರಾಧಿಗಳು. 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯಸಂಹಿತೆಯಲ್ಲಿ ಕಲಮಿನ ಅಂಕೆ 191 ಆಯಿತು, ಬಲೆ ಅದೇ. ಕಲ್ಲೆಸೆದವನು ಓಡಿಹೋಗುವನು, ನಿಂತವನು ಕಟಕಟೆ ಹತ್ತುವನು. ವಕೀಲಿ ವೃತ್ತಿಯಲ್ಲಿ ಇದನ್ನು ನಾವು ಕಾಣುತ್ತಲೇ ಇದ್ದೇವೆ.

ಕನ್ನಡದಲ್ಲಿ ಮಾತಿಗೆ ಬಡತನವಿಲ್ಲ. ಉಪಾಧ್ಯಾಯರು ತರಗತಿಯ ಸದ್ದನ್ನು ಗಲಾಟೆ ಎನ್ನುವರು. ಅದಕ್ಕಾಗಿ ಯಾರನ್ನೂ ಸೆರೆಮನೆಗೆ ಕಳುಹಿಸುವುದಿಲ್ಲ. ಆಯುಧ ಒಪ್ಪಿಸಲು ನಿರಾಕರಿಸಿ ಹಲಗಲಿಯ ಬೇಡರು 1857ರಲ್ಲಿ ಎದ್ದುದೂ ದಂಗೆ, ನೆರೆಯವನ ಮನೆಗೆ ಬೆಂಕಿಯಿಡುವುದೂ ದಂಗೆ ಎಂದು ನಾವೇ ಬರೆಯುತ್ತಿರುವುದು ಮಾತ್ರ ನಾಚಿಕೆಯ ಸಂಗತಿ.

1938ರ ಏಪ್ರಿಲ್ 25ರಂದು ಮೈಸೂರು ಸಂಸ್ಥಾನದ ವಿದುರಾಶ್ವತ್ಥದಲ್ಲಿ ನಿಷೇಧವನ್ನು ಲೆಕ್ಕಿಸದೆ ರಾಷ್ಟ್ರಧ್ವಜಕ್ಕಾಗಿ ಜನ ಸೇರಿದರು. ಪೊಲೀಸರು ಗುಂಡು ಹಾರಿಸಿದರು, ಹಲವರು ಮಡಿದರು. ಅಕ್ರಮಕೂಟವೆಂಬ ಹೆಸರು ಸೇರಿದವರಿಗೆ ಸಿದ್ಧವಾಗಿತ್ತು. ಗುಂಡು ಹಾರಿಸಿದ್ದಕ್ಕೆ ಅಂಥ ಹೆಸರೊಂದು ಯಾವ ಕಲಮಿನಲ್ಲಿಯೂ ಇರಲಿಲ್ಲ.

ಆದರೆ ನಮ್ಮ ತಕ್ಕಡಿಯೂ ನೇರವಾಗಿರಬೇಕಷ್ಟೆ. 1953ರಲ್ಲಿ ಏಕೀಕರಣಕ್ಕಾಗಿ ಅದರಗುಂಚಿಯ ಶಂಕರಗೌಡ ಪಾಟೀಲರು ಉಪವಾಸ ಕುಳಿತಿದ್ದಾಗ, ಏಪ್ರಿಲ್ 19ರಂದು ಹುಬ್ಬಳ್ಳಿಯಲ್ಲಿ ಜನಸಮೂಹ ಹಿಂಸೆಗಿಳಿಯಿತು. ನಾವು ಏಕೀಕರಣದ ಪಕ್ಷದವರು. 1956ರ ನವೆಂಬರ್ 1ರ ಫಲವನ್ನು ಉಂಡವರು. ಆದರೂ ಅಂದು ಹುಬ್ಬಳ್ಳಿಯಲ್ಲಿ ನಡೆದುದಕ್ಕೆ 'ಜನಾವೇಶ' ಎಂಬ ಮುಸುಕು ಹೊದಿಸಲು ನಮ್ಮ ಲೇಖನಿ ಒಪ್ಪದು. ಅದು ದೊಂಬಿಯೇ. ಗೌಡರ ಉಪವಾಸ ಬೇರೆ, ಬೀದಿಯ ಹಿಂಸೆ ಬೇರೆ. ಎರಡೂ ಒಂದೇ ಊರಿನ ಸುತ್ತ ನಡೆದವೆಂದು ಒಂದೇ ಹೆಸರಿನಲ್ಲಿ ಕಟ್ಟಲಾಗದು.

ನಂಜನಗೂಡು, ನರಸೀಪುರಗಳಿಂದ ಪತ್ರಿಕೆಗೆ ಸುದ್ದಿ ಕಳುಹಿಸುವ ಮಿತ್ರರಲ್ಲಿ ನಮ್ಮದೊಂದು ಬಿನ್ನಹ. ಮೆರವಣಿಗೆ ಕೆಟ್ಟ ದಿನ ಠಾಣೆಯ ಕಾಗದವನ್ನು ನಕಲು ಮಾಡಬೇಡಿರಿ. ಎಷ್ಟು ಜನ ಸೇರಿದ್ದರು, ಏನು ಕೇಳಿದರು, ಮೊದಲ ಏಟು ಯಾರ ಕೈಯಿಂದ ಬಿದ್ದಿತು, ಯಾರಿಗೆ ಬಿದ್ದಿತು ಎಂಬುದನ್ನು ಬರೆಯಿರಿ. ತಲೆಬರಹವನ್ನು ಆಮೇಲೆ ಹಾಕೋಣ.